ಬಿಸಿಲೂ ನಮ್ಮ ಚರ್ಮವೂ

ನಮ್ಮ ವಾಚಕರು ಈ ಲೇಖನವನ್ನು ಮುಂದೆ ಓದುವುದಕ್ಕೆ ಮೊದಲು ಒಂದು ಚಿಕ್ಕ ಪರೀಕ್ಷೆಯನ್ನು ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ಮೇಲ್ತೋಳಿನ ಒಳಬದಿಯ ಚರ್ಮವನ್ನು ಬೆಳಕಿನಲ್ಲಿ ನೋಡಿರಿ. ಬಳಿಕ ಮುಂಗೈಯ ಹೊರಬದಿಯನ್ನು ನೋಡಿರಿ. ಇವೆರಡಕ್ಕೂ ವಯಸ್ಸು ಒಂದೇ. ಒಂದೇ ರಕ್ತವು ಇವೆರಡನ್ನೂ ಪೋಷಿಸುತ್ತದೆ. ಆದಾಗ್ಯೂ ಒಂದು ನುಣುಪಾಗಿಯೂ ಮೆದುವಾಗಿಯೂ ಇರಲು, ಇನ್ನೊಂದು ಕಪ್ಪಾಗಿಯೂ ಒರಟಾಗಿಯೂ, ನಡುವಯಸ್ಸು ದಾಟಿದವರಲ್ಲಾದರೆ ಸುಕ್ಕುಗಟ್ಟಿಯೂ ಇರುವುದೇಕೆ? ಮುಪ್ಪಿನಿಂದ ಚರ್ಮವು ಕೆಟ್ಟಿತೆಂದು ನಾವು ಹೇಳುವುದುಂಟು. ಮುಪ್ಪೊಂದೇ ಕಾರಣವಾಗಿದ್ದರೆ ಅದು ಎರಡು ಕಡೆಗಳಿಗೂ ಸಮನಾಗಿ ಬರಬೇಕಾಗಿತ್ತಷ್ಟೆ. ಒಂದು ಕಡೆಗೆ ರವಿಕೆಯ ತೋಳು ಮರೆಯಾಗಿತ್ತು, ಇನ್ನೊಂದಕ್ಕೆ ಮರೆಯಿರಲಿಲ್ಲ. ವ್ಯತ್ಯಾಸದ ಬಹುಭಾಗವು ಇಷ್ಟರಲ್ಲೇ ಅಡಗಿದೆ.

ಈ ಕೆಲಸವನ್ನು ಮಾಡುವವು ನಮ್ಮ ಕಣ್ಣಿಗೆ ಕಾಣದ ಕಿರಣಗಳು. ೧೮೦೧ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿಯು ಬೆಳ್ಳಿಯ ಕ್ಲೋರೈಡು ಎಂಬ ಲವಣವನ್ನು ಬಿಸಿಲಿನ ಏಳು ಬಣ್ಣಗಳಲ್ಲಿ ಇಟ್ಟು ನೋಡಿದಾಗ, ನೇರಳೆ ಬಣ್ಣದಿಂದಾಚೆಗೆ, ಏನೂ ಬೆಳಕಿಲ್ಲದಂತೆ ತೋರುವ ಸ್ಥಳದಲ್ಲಿಯೇ ಅದು ಬಹಳ ಬೇಗನೆ ಕಪ್ಪಾಯಿತು. ಅತಿನೇರಳೆ ಕಿರಣಗಳೆಂದು ಈಗ ಹೆಸರಾದವು ಇವೇ. ನೆಲವನ್ನು ಮುಟ್ಟುವ ಈ ಕಿರಣಗಳಲ್ಲಿ ಎರಡು ಜಾತಿಗಳುಂಟು. 'ಬಿ' ಎಂಬವು ಚರ್ಮದ ಮೇಲ್ಪದರವನ್ನು ಸುಟ್ಟು ಕೆಂಪೇರಿಸುತ್ತವೆ. ಉರಿಯುವುದರಿಂದ ನಾವು ಎಚ್ಚರಗೊಳ್ಳುತ್ತೇವೆ. 'ಎ' ಎಂಬವಾದರೋ ಉರಿಯನ್ನು ಹೆಚ್ಚಾಗಿ ಉಂಟುಮಾಡದೆ ಒಳಪದರಕ್ಕಿಳಿದು ಅಲ್ಲಿಯ ಕೊಲಾಜೆನ್ ಎಂಬ ನಾರುಗಳನ್ನು ಸಡಿಲಿಸುತ್ತವೆ. ನುಲಿ ಸಡಿಲಾದ ಹೊರಸು ಜೋತುಬೀಳುವಂತೆ, ನಾರು ಸಡಿಲಾದ ಚರ್ಮವೂ ಜೋತುಬಿದ್ದು ಸುಕ್ಕಾಗುತ್ತದೆ.

ಕಿಟಿಕಿಯ ಗಾಜು 'ಬಿ' ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, 'ಎ' ಕಿರಣಗಳನ್ನು ತಡೆಯದು. ೨೦೧೨ರಲ್ಲಿ ಅಮೇರಿಕಾದ ಒಂದು ಪ್ರಸಿದ್ಧ ವೈದ್ಯ ಪತ್ರಿಕೆಯಲ್ಲಿ ೬೯ ವರ್ಷ ವಯಸ್ಸಿನ ಒಬ್ಬ ಲಾರಿ ಚಾಲಕನ ಚಿತ್ರವು ಪ್ರಕಟವಾಯಿತು. ಆತನು ೨೮ ವರ್ಷ ಸರಕಿನ ಗಾಡಿಯನ್ನು ನಡಿಸಿದವನು. ಕಿಟಿಕಿಯ ಕಡೆಗಿದ್ದ ಎಡಗೆನ್ನೆಯು ದಪ್ಪಗಟ್ಟಿ ಆಳವಾಗಿ ಸುಕ್ಕಾಗಿತ್ತು. ಬಲಗೆನ್ನೆಯು ಎಷ್ಟೋ ಕಿರಿಯವನದೆಂಬಂತಿತ್ತು. (ನಮ್ಮ ದೇಶದ ಚಾಲಕನಾಗಿದ್ದರೆ ಬಲಗೆನ್ನೆಗೆ ಆ ಗತಿಯಾಗುತ್ತಿತ್ತು.) ಗಾಜಿನ ಪಕ್ಕದಲ್ಲೇ ಮೇಜಿಟ್ಟುಕೊಂಡು ಕೆಲಸಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ನಮ್ಮ ನಾಡಿನ ಬಿಸಿಲಿನ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಬೆಂಗಳೂರು, ಮಂಗಳೂರುಗಳ ನೇರದಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ರ ಸುಮಾರಿಗೆ, ಮಧ್ಯಾಹ್ನದ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ನಿಲ್ಲುವುದರಿಂದ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ನೆರಳು ಗಿಡ್ಡವಾದಷ್ಟೂ ಕಿರಣಗಳು ತೀಕ್ಷ್ಣವೆಂದು ತಿಳಿಯಬೇಕು. ಗಡಿಯಾರವಿಲ್ಲದ ಹುಡುಗಿಗೂ ಇದು ಸುಲಭವಾದ ಅಳತೆ: ತನ್ನ ನೆರಳು ತನಗಿಂತ ಗಿಡ್ಡವಾಗಿದ್ದರೆ ಮರೆಯನ್ನು ಹುಡುಕಬೇಕಾದ ಹೊತ್ತು. ಸೆಕೆಯನ್ನು ನೋಡಿ ಬಿಸಿಲನ್ನು ಅಳೆಯುವುದು ತಪ್ಪು. ಊಟಿಯಂಥ ಬೆಟ್ಟದಲ್ಲಿ ಗಾಳಿ ತಂಪಾಗಿದ್ದರೂ, ಸಾವಿರ ಮೀಟರು ಮೇಲೇರಿದಂತೆ ಈ ಕಿರಣಗಳು ಸುಮಾರು ನೂರಕ್ಕೆ ಹತ್ತರಂತೆ ಹೆಚ್ಚುತ್ತವೆ. ತೆಳುಮೋಡವೂ ಅವುಗಳನ್ನು ಹೆಚ್ಚಾಗಿ ತಡೆಯಲಾರದು.

ಕಪ್ಪು ಚರ್ಮದವರಾದ ನಮಗೆ ಬಿಸಿಲಿನ ಭಯವಿಲ್ಲವೆಂದು ಕೆಲವರು ಹೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವುಂಟು. ನಮ್ಮ ಚರ್ಮದ ಮೆಲನಿನ್ ಎಂಬ ಬಣ್ಣವು ದೊಡ್ಡ ಕಾವಲುಗಾರ. ಬಿಳಿಯ ಜನರಲ್ಲಿ ಕಾಣುವಷ್ಟು ಚರ್ಮದ ಅರ್ಬುದವು ನಮ್ಮಲ್ಲಿ ಕಾಣದಿರುವುದು ಅದರ ದಯೆಯಿಂದಲೇ. ಸುಕ್ಕುಗಳೂ ನಮಗೆ ತಡವಾಗಿ ಬರುತ್ತವೆ. ಆದರೆ ನಮ್ಮಲ್ಲಿ ಬಿಸಿಲಿನ ಹಾನಿಯು ಬೇರೆ ವೇಷದಲ್ಲಿ ಬರುತ್ತದೆ. ಕೆನ್ನೆಗಳ ಮೇಲೆ ಬಂಗು ಎದ್ದು, ಕಲೆಗಳು ಗಾಢವಾಗಿ, ಮುಖದ ಬಣ್ಣವು ಒಂದೇ ಸಮನಾಗಿರದೆ ಹೋಗುತ್ತದೆ. ಬಸಿರಿನ ಕಾಲದಲ್ಲಿ ತಲೆದೋರಿದ ಬಂಗನ್ನು ಬಿಸಿಲು ಮತ್ತಷ್ಟು ಬೆಳಸುವುದನ್ನು ನಮ್ಮ ತಾಯಂದಿರು ಕಂಡೇ ಇದ್ದಾರೆ.

ಇಲ್ಲಿ ನಾವು ಹೆತ್ತವರೊಡನೆ ಸ್ವಲ್ಪ ಬಿಚ್ಚುಮಾತನ್ನಾಡಬೇಕು. ಚರ್ಮವನ್ನು ಕಾಯುವುದು ಬೇರೆ, ಚರ್ಮವನ್ನು ಬೆಳ್ಳಗೆ ಮಾಡುವುದು ಬೇರೆ. ದೇವರು ಕೊಟ್ಟ ಬಣ್ಣವು ರೋಗವಲ್ಲ, ಅದಕ್ಕೆ ಮದ್ದೂ ಬೇಕಾಗಿಲ್ಲ. ಮದುವೆಯ ಮಾತು ಬಂದೊಡನೆ ಮಗಳಿಗೆ ಬಿಳುಪಿನ ಮುಲಾಮುಗಳನ್ನು ತಂದುಕೊಡುವವರು ಅವುಗಳಲ್ಲಿ ಏನಿದೆಯೆಂದು ವಿಚಾರಿಸಿದ್ದಾರೆಯೆ? ಕೆಲವುಗಳಲ್ಲಿ ಪಾದರಸವು ಸಿಕ್ಕಿದ್ದುಂಟು. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೇರೆ ಕೆಲವುಗಳಲ್ಲಿ ಸ್ಟೀರಾಯ್ಡ್ ಎಂಬ ಔಷಧವಿರುತ್ತದೆ. ಮೊದಲ ವಾರಗಳಲ್ಲಿ ಮುಖವು ತಿಳಿಯಾದಂತೆ ತೋರಿದರೂ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ಕಾಗದದಂತೆ ತೆಳುವಾಗಿ, ಮೊಡವೆಯೂ ಕೂದಲೂ ಎದ್ದು, ಬಿಸಿಲನ್ನು ತಾಳದ ಸ್ಥಿತಿಗೆ ಬರುತ್ತದೆ. ಮನೆಮದ್ದೆಂದು ಲಿಂಬೆಹಣ್ಣಿನ ರಸವನ್ನು ತಿಕ್ಕಿಕೊಂಡು ಹೊರಗೆ ಹೋಗುವುದೂ ಅಪಾಯಕರವೇ. ಆ ರಸದಲ್ಲಿರುವ ಕೆಲವು ವಸ್ತುಗಳು ಬಿಸಿಲು ತಾಕಿದರೆ ಚರ್ಮವನ್ನು ಸುಟ್ಟು ಬೊಬ್ಬೆಯೆಬ್ಬಿಸಿ, ಹೋಗಲಾಡಿಸಬೇಕೆಂದಿದ್ದ ಕಪ್ಪಿಗಿಂತಲೂ ಹೆಚ್ಚಿನ ಕಪ್ಪನ್ನು ತಿಂಗಳುಗಳ ವರೆಗೆ ಉಳಿಸುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಅಜ್ಜಿಯಂದಿರ ಓಲೆಕೊಡೆಯೂ ತಲೆಯ ಮೇಲಿನ ಸೆರಗೂ ಶಾಸ್ತ್ರಸಮ್ಮತವಾದವುಗಳೇ. ಬಟ್ಟೆಯು ಒತ್ತಾದ ನೆಯ್ಗೆಯದಾಗಿರಬೇಕು. ಬೆಳಕಿಗೆ ಹಿಡಿದಾಗ ಆಚೆಯದು ಕಾಣಿಸಿದರೆ ಕಿರಣವೂ ನುಗ್ಗುವುದು. ಬಟ್ಟೆ ಮುಚ್ಚದ ಮುಖಕ್ಕೂ ಕೈಗಳಿಗೂ ಸನ್‌ಸ್ಕ್ರೀನ್ ಎಂಬ ಲೇಪವುಂಟು. ಅದರ ಡಬ್ಬಿಯ ಮೇಲೆ ಎಸ್.ಪಿ.ಎಫ್. ೩೦ ಎಂದಿದ್ದರೆ ಸಾಕು. ಸರಿಯಾಗಿ ಹಚ್ಚಿದಲ್ಲಿ ಅದು 'ಬಿ' ಕಿರಣಗಳಲ್ಲಿ ನೂರಕ್ಕೆ ೯೭ನ್ನು ತಡೆಯುತ್ತದೆ. ೫೦ ಎಂಬುದು ೯೮ನ್ನು ತಡೆಯುವುದರಿಂದ ಹೆಚ್ಚು ಹಣಕ್ಕೆ ಹೆಚ್ಚು ಲಾಭವಿಲ್ಲ. 'ಎ' ಕಿರಣಗಳನ್ನೂ ತಡೆಯುವುದೆಂದು ಬರೆದಿದೆಯೋ ಎಂದು ನೋಡಿಯೇ ಕೊಳ್ಳಬೇಕು. ಕಡಲೆಕಾಳಿನಷ್ಟನ್ನು ಮುಖಕ್ಕೆಲ್ಲ ಸವರಿದರೆ ಪ್ರಯೋಜನವಿಲ್ಲ. ಮುಖಕ್ಕೂ ಕತ್ತಿಗೂ ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು ಬೇಕು. ಹೊರಗೆ ಬಿಸಿಲಿನಲ್ಲೇ ಇರುವವರು ಎರಡು ತಾಸುಗಳಿಗೊಮ್ಮೆ ಪುನಃ ಹಚ್ಚಬೇಕು.

ಇದು ಬರೀ ವ್ಯಾಪಾರಿಗಳ ಮಾತಲ್ಲ. ೧೯೯೨ರಿಂದ ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ ಕೆಲವರಿಗೆ ದಿನಾಲೂ ಲೇಪಿಸಬೇಕೆಂದು ಹೇಳಿ, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟರು. ಇವರಲ್ಲಿ ೫೫ ವರ್ಷದೊಳಗಿನ ೯೦೩ ಮಂದಿಯ ಕೈಯ ಹಿಂಬದಿಯ ಅಚ್ಚುಗಳನ್ನು ತೆಗೆದು ಹೋಲಿಸಲಾಗಿ, ನಾಲ್ಕೂವರೆ ವರ್ಷಗಳಲ್ಲಿ ದಿನಾಲೂ ಹಚ್ಚಿದವರ ಚರ್ಮದ ಮುಪ್ಪು ನೂರಕ್ಕೆ ೨೪ರಷ್ಟು ಕಡಿಮೆಯಾಗಿತ್ತೆಂದು ೨೦೧೩ರಲ್ಲಿ ಪ್ರಕಟಿಸಿದರು.

ಇಷ್ಟನ್ನು ಓದಿ ಯಾರೂ ಮಗಳನ್ನು ಆಟದಿಂದ ಬಿಡಿಸಿ ಒಳಗೆ ಕೂಡ್ರಿಸಬಾರದು. ಎಲುಬುಗಳಿಗೆ ಬೇಕಾದ 'ಡಿ' ಜೀವಸತ್ವವನ್ನು ಚರ್ಮವು ಬಿಸಿಲಿನಿಂದಲೇ ಮಾಡಿಕೊಳ್ಳುತ್ತದೆ. ಇಷ್ಟು ಬಿಸಿಲಿರುವ ನಮ್ಮ ದೇಶದಲ್ಲಿಯೂ ಅದರ ಕೊರತೆಯುಳ್ಳ ಹೆಂಗಸರು ಬಹು ಮಂದಿ ಇದ್ದಾರೆ. ಹುಡುಗಿಯು ಓಡಲಿ, ಆಡಲಿ. ನಡುಮಧ್ಯಾಹ್ನದ ಡ್ರಿಲ್ಲನ್ನು ಬೆಳಗ್ಗೆಗೋ ಸಂಜೆಗೋ ಇಟ್ಟುಕೊಂಡರಾಯಿತು.

ಒಂದು ತರದ ಮಕ್ಕಳಿಗೆ ಮಾತ್ರ ಈ ವಿಷಯವು ಚೆಲುವಿನದಲ್ಲ, ಪ್ರಾಣದ್ದು. ಹುಟ್ಟಿನಿಂದಲೇ ಚರ್ಮಕ್ಕೂ ಕೂದಲಿಗೂ ಬಣ್ಣವಿಲ್ಲದವರಿಗೆ ಮೆಲನಿನ್ ಎಂಬ ಕಾವಲಿಲ್ಲವಾದ ಕಾರಣ, ಉಷ್ಣದೇಶಗಳಲ್ಲಿ ಅವರು ಎಳೆಪ್ರಾಯದಲ್ಲೇ ಚರ್ಮದ ಅರ್ಬುದಕ್ಕೆ ಗುರಿಯಾಗುವುದುಂಟು. ಅಂಥ ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯು ಉದ್ದ ತೋಳಿನ ಅಂಗಿಯನ್ನೂ ಅಗಲ ಅಂಚಿನ ಟೊಪ್ಪಿಯನ್ನೂ ಕೊಡಬೇಕು. ಬಿಸಿಲು ಬೀಳುವ ಕಿಟಿಕಿಯಿಂದ ದೂರವಾಗಿ, ಆದರೆ ಹಲಗೆಗೆ ಹತ್ತಿರವಾಗಿ ಸ್ಥಳ ಕೊಡುವಂತೆ ಉಪಾಧ್ಯಾಯಿನಿಯರನ್ನು ಕೇಳಬೇಕು, ಯಾಕೆಂದರೆ ಈ ಮಕ್ಕಳಿಗೆ ದೃಷ್ಟಿಯೂ ಮಂದವಾಗಿರುತ್ತದೆ. ಮಾಸದ ಹುಣ್ಣು ಎಲ್ಲಾದರೂ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.