ಲಾಗಿನ್ ಸ್ಕ್ರಿಪ್ಟಿನಲ್ಲಿ ಡೈರೆಕ್ಟರಿ ಬದಲಿಸುವುದು: ತಪ್ಪಿನಿಂದ ಹುಟ್ಟಿದ ಒಂದು ಪಾಠ

ಬೋಧನಾಭ್ಯಾಸದ ಎರಡನೆಯ ವಾರ ಧಾರವಾಡದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಲ್ಯಾಬಿನ ವಿಂಡೋಸ್ ಯಂತ್ರಗಳನ್ನೆಲ್ಲ ಒಂದು ಸರ್ವರಿಗೆ ಜೋಡಿಸಲಾಗಿತ್ತು. ವಿದ್ಯಾರ್ಥಿ ಲಾಗಿನ್ ಆದೊಡನೆ ಒಂದು ಬ್ಯಾಚ್ ಕಡತ ತಾನಾಗಿ ನಡೆದು, ಸರ್ವರಿನಲ್ಲಿದ್ದ ತರಗತಿಯ ಫೋಲ್ಡರನ್ನು ಎಚ್ ಡ್ರೈವ್ ಆಗಿ ಜೋಡಿಸಿ, ಸಿ ಡ್ರೈವಿನ ‘ಅಭ್ಯಾಸ’ ಫೋಲ್ಡರಿಗೆ ಹೋಗಿ ನಿಲ್ಲುತ್ತಿತ್ತು. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಅದರ ಕೊನೆಗೆ ಎರಡು ಸಾಲು ಸೇರಿಸಿದವಳು ನಾನೇ: ಎಚ್ ಡ್ರೈವಿನ ‘ಹಳೆಯದು’ ಫೋಲ್ಡರಿಗೆ ಹೋಗು, ಅಲ್ಲಿನ ಟೆಕ್ಸ್ಟ್ ಕಡತಗಳನ್ನೆಲ್ಲ ಅಳಿಸು.

ಮರುದಿನ ‘ಹಳೆಯದು’ ತುಂಬಿಕೊಂಡೇ ಇತ್ತು. ಖಾಲಿಯಾಗಿದ್ದು ‘ಅಭ್ಯಾಸ’. ಡೆಲ್ ಆಜ್ಞೆಯಿಂದ ಅಳಿಸಿದ್ದು ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ. “ಟೀಚರ್, ನಂದು ಎಲ್ಲಿ ಹೋತ್ರಿ?” ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಬರೆದುಕೊಂಡು ಹೋಗಿದ್ದ ಪಾಠಯೋಜನೆ ಬದಿಗಿಟ್ಟೆ. ತಪ್ಪು ನನ್ನದೆಂದು ಹೇಳಿ, ಆ ಎರಡು ಸಾಲುಗಳನ್ನೇ ಕರಿಹಲಗೆಯ ಮೇಲೆ ಬರೆದೆ. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ.)

ಎಲ್ಲರೂ ಕಮಾಂಡ್ ಪ್ರಾಂಪ್ಟ್ ತೆರೆದು ‘ಸಿಡಿ ಎಚ್:\ಹಳೆಯದು’ ಎಂದು ಟೈಪ್ ಮಾಡಿದರು. ದೋಷದ ಸಂದೇಶ ಬರಲಿಲ್ಲ. ಪ್ರಾಂಪ್ಟ್ ಮಾತ್ರ ಸಿ ಡ್ರೈವಿನಲ್ಲೇ ನಿಂತಿತ್ತು. “ಎರರ್ ಬರಲಿಲ್ಲಲ್ರಿ, ಮತ್ಯಾಕ ಹೋಗಲಿಲ್ಲ?” ಎಂದ ಒಬ್ಬ. ಈಗ ಬರೇ ‘ಎಚ್:’ ಎಂದು ಒತ್ತಿರಿ ಎಂದೆ. ಪ್ರಾಂಪ್ಟ್ ನೇರವಾಗಿ ‘ಹಳೆಯದು’ ಫೋಲ್ಡರಿಗೇ ಹಾರಿತು. ತರಗತಿಯಲ್ಲಿ ಗದ್ದಲವೋ ಗದ್ದಲ.

ಪ್ರತಿ ಡ್ರೈವಿಗೂ ತನ್ನದೇ ಆದ ‘ಈಗಿನ ಫೋಲ್ಡರ್’ ಇರುತ್ತದೆ. ಬರೀ ಸಿಡಿ ಆಜ್ಞೆ ಬೇರೆ ಡ್ರೈವಿನ ಆ ನೆನಪನ್ನು ಬದಲಿಸುತ್ತದೆಯೇ ಹೊರತು ನಮ್ಮನ್ನು ಅಲ್ಲಿಗೆ ಒಯ್ಯುವುದಿಲ್ಲ. ಧಾರವಾಡದಲ್ಲಿ ನಿಂತು ಹುಬ್ಬಳ್ಳಿಯ ಮಾವನಿಗೆ ಫೋನ್ ಮಾಡಿ, “ಮಾಳಿಗಿ ಕೋಣಿ ತಗದಿಡ್ರಿ” ಅಂದಂತೆ. ಕೋಣೆ ಸಿದ್ಧವಾಯಿತು, ನಾವಿನ್ನೂ ಚಿಗರಿ ಬಸ್ ಹತ್ತಿಲ್ಲ. ಆಗ ಕಸಬರಿಗೆ ಹಿಡಿದರೆ ಗುಡಿಸುವುದು ಧಾರವಾಡದ ಮನೆಯನ್ನೇ. ಬಸ್ ಹತ್ತಿಸುವುದು ‘/ಡಿ’: ‘ಸಿಡಿ /ಡಿ ಎಚ್:\ಹಳೆಯದು’.

ನನ್ನ ಬೋಧನೋಪಕರಣದಲ್ಲೂ ದೋಷವಿತ್ತು. ಫೋಲ್ಡರುಗಳನ್ನು ಕಲಿಸಲು ಹಿಂದಿನ ವಾರ ಒಂದೇ ಮರದ ಚಿತ್ರ ತೂಗುಹಾಕಿದ್ದೆ. ವಿಂಡೋಸಿನಲ್ಲಿ ಡ್ರೈವಿಗೊಂದು ಮರ. ಒಂದೇ ಮರ ನೋಡಿದ ಮಗುವಿಗೆ ಕೊಂಬೆಯಿಂದ ಕೊಂಬೆಗೆ ಹೋಗುವುದು ತಿಳಿಯುತ್ತದೆ, ಮರದಿಂದ ಮರಕ್ಕೆ ಜಿಗಿಯಬೇಕೆಂಬುದು ತಿಳಿಯುವುದಿಲ್ಲ. ಎರಡು ಮರ ಬರೆದು ಮತ್ತೆ ವಿವರಿಸಿದೆ.

ಎರಡು ಬ್ಯಾಕ್‌ಸ್ಲ್ಯಾಶ್‌ಗಳಿಂದ ಆರಂಭವಾಗುವ ಸರ್ವರ್ ವಿಳಾಸಕ್ಕೆ ಸಿಡಿ ಹೋಗುವುದೇ ಇಲ್ಲ, ಒಲ್ಲೆ ಎಂದು ಸಂದೇಶ ಕೊಡುತ್ತದೆ. ಅಲ್ಲಿ ‘ಪುಶ್‌ಡಿ’ ಬಳಸಬೇಕು. ಅದು ಜೆಡ್ ಅಕ್ಷರದಿಂದ ಹಿಂದಕ್ಕೆ ಹುಡುಕುತ್ತ, ಖಾಲಿ ಇರುವ ಅಕ್ಷರವೊಂದನ್ನು ತಾತ್ಕಾಲಿಕವಾಗಿ ಕೊಟ್ಟು ಒಳಗೆ ಒಯ್ಯುತ್ತದೆ. ‘ಪಾಪ್‌ಡಿ’ ಎಂದರೆ ಅಕ್ಷರ ಬಿಟ್ಟುಕೊಟ್ಟು ಮೊದಲಿನ ಜಾಗಕ್ಕೆ ಮರಳುತ್ತದೆ. ಇದನ್ನು ತೋರಿಸಿದೆನಷ್ಟೇ, ಮಾಡಿಸಲು ಸಮಯ ಉಳಿಯಲಿಲ್ಲ.

ಅವಧಿ ಮುಗಿಯುವಾಗ ಒಬ್ಬ ಹುಡುಗ, “ಸರ್ವರ್ ಬಂದ್ ಇದ್ರ?” ಎಂದ. ನಾನು ಯೋಚಿಸಿರಲಿಲ್ಲ. ಎಚ್ ಡ್ರೈವ್ ಜೋಡಣೆಯಾಗದಿದ್ದರೆ ‘/ಡಿ’ ಇದ್ದರೂ ಸಿಡಿ ಸೋಲುತ್ತದೆ. ಬ್ಯಾಚ್ ಕಡತ ನಿಲ್ಲದೆ ಮುಂದಿನ ಸಾಲಿಗೆ ಹೋಗಿ ಇದ್ದಲ್ಲೇ ಅಳಿಸುತ್ತದೆ. ಸಿಡಿ ಸಾಲಿನ ಕೊನೆಗೆ ಎರಡು ನಿಲುಗೆರೆ ಹಾಕಿ ‘ಎಕ್ಸಿಟ್ /ಬಿ’ ಬರೆದರೆ, ಸೋತಾಗ ಕಡತ ಅಲ್ಲಿಗೇ ನಿಲ್ಲುತ್ತದೆ. ಸಂಜೆ ಹಾಗೆ ತಿದ್ದಿದೆ. ಈ ಸಲ ಸರ್ವರಿನ ತಂತಿ ಕಿತ್ತು, ಒಂದೇ ಯಂತ್ರದಲ್ಲಿ ಪರೀಕ್ಷಿಸಿ ನೋಡಿದೆ.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಪ್ರಶ್ನೆ: ಡೆಲ್ ಬದಲು ಮೊದಲು ‘ಡಿರ್’ ಹಾಕಿ ಪಟ್ಟಿ ನೋಡಬಹುದಿತ್ತಲ್ಲವೇ? ಅಳಿದ ಕಡತಗಳನ್ನು ಮಕ್ಕಳು ಮುಂದಿನ ಎರಡು ಅವಧಿಗಳಲ್ಲಿ ಮತ್ತೆ ಬರೆದರು.