ಬ್ಲಾಕಿನ ಮೇಲಿನ ನಂಬರು

ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡ ಮೇಲೂ ಎಂಜಿನ್ ಓಡುತ್ತಲೇ ಇತ್ತು. 2021ರ ನವೆಂಬರ್. ಕುಣಿಗಲ್‌ನಲ್ಲಿ ಗೃಹಪ್ರವೇಶದ ಊಟ ಮುಗಿಸಿಕೊಂಡು ತುಮಕೂರಿನ ಸದಾಶಿವನಗರದ ಮನೆಗೆ ಹೊರಟಿದ್ದೆವು. ಇದ್ದಕ್ಕಿದ್ದಂತೆ ಹಿಂದಿನ ರಸ್ತೆಯೇ ಕಾಣದಷ್ಟು ಹೊಗೆ. ಪಕ್ಕಕ್ಕೆ ನಿಲ್ಲಿಸಿ ಕೀ ತಿರುಗಿಸಿದರೆ ಶಬ್ದ ಇಳಿಯುವ ಬದಲು ಏರಿತು. ಹೆಂಡತಿ, ಮಗಳನ್ನು ಇಳಿಸಿ ದೂರ ಕಳಿಸಿದೆ. ಹೊಲದ ಕಡೆಯಿಂದ ಓಡಿಬಂದ ಟ್ರ್ಯಾಕ್ಟರ್ ಚಾಲಕರೊಬ್ಬರು, "ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಕ್ಲಚ್ ಬಿಡಿ ಸಾರ್" ಎಂದು ಕೂಗಿದರು. ಹಾಗೇ ಮಾಡಿದೆ. ಕಾರು ಒಮ್ಮೆ ಜಗ್ಗಿ ನಿಂತಿತು. ಆ ಪುಣ್ಯಾತ್ಮರ ಹೆಸರು ಕೇಳುವಷ್ಟು ಸಮಾಧಾನವೂ ಆಗ ನನಗಿರಲಿಲ್ಲ.

ನನ್ನದು 2011ರ ಮಾರ್ಚ್‌ನಲ್ಲಿ ನೋಂದಣಿಯಾದ ಟಾಟಾ ಇಂಡಿಕಾ ವಿಸ್ತಾ, ಕ್ವಾಡ್ರಾಜೆಟ್ ಡೀಸೆಲ್, ಟರ್ಬೊ ಇರುವ ಕಾರು. ಎಂಜಿನ್ ಹೊರಬಿಡುವ ಹೊಗೆಯಲ್ಲೇ ಟರ್ಬೊದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ದಾಟಿದ ಸುತ್ತು. ಆ ವೇಗದಲ್ಲಿ ದಂಡವನ್ನು ಎತ್ತಿ ಹಿಡಿಯುವುದು ಎಂಜಿನ್ ಆಯಿಲ್‌ನ ತೆಳ್ಳನೆಯ ಪದರ ಮಾತ್ರ. ಆಯಿಲ್ ಹಳತಾಗಿ ಗಸಿ ಕಟ್ಟಿದರೆ ದಂಡ ಸವೆಯುತ್ತದೆ, ಸೀಲ್ ಹೋಗುತ್ತದೆ, ಸಂಪಿನ ಆಯಿಲ್ಲೇ ಗಾಳಿಯ ಜೊತೆ ಸಿಲಿಂಡರ್‌ಗೆ ನುಗ್ಗುತ್ತದೆ. ಡೀಸೆಲ್ ಎಂಜಿನ್ನಿಗೆ ಆಯಿಲ್ ಕೂಡ ಇಂಧನವೇ. ಅದಕ್ಕೇ ಕೀ ತೆಗೆದರೂ ನಿಲ್ಲಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ಕಾರು ಹೆಚ್ಚು ಓಡಲಿಲ್ಲವೆಂದು ಒಂದೂವರೆ ವರ್ಷ ಆಯಿಲ್ ಬದಲಿಸಿರಲಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಬಂದು ಮನೆ ಮುಂದೆ ತಕ್ಷಣ ಆಫ್ ಮಾಡುವ ಅಭ್ಯಾಸ ಬೇರೆ. ಹಾಗೆ ಮಾಡಿದಾಗ ಕೆಂಪಗೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ತಪ್ಪು ಪೂರ್ತಿ ನನ್ನದೇ.

ಮರುದಿನ ಕಾರು ಟೋ ಆಗಿ ಗುಬ್ಬಿ ಗೇಟ್ ಕಡೆಯ ಗ್ಯಾರೇಜು ಸೇರಿತು. ಎಂಜಿನ್ ಇಳಿಸಿ ನೋಡಿದ ಮೆಕ್ಯಾನಿಕ್ ಹೇಳಿದ್ದು ಇಷ್ಟು: ಟರ್ಬೊ ಹೋಗಿದೆ, ಆಯಿಲ್ ಇಲ್ಲದೆ ಓಡಿ ಬೇರಿಂಗ್ ತಿಂದುಹಾಕಿದೆ, ಕ್ರ್ಯಾಂಕ್ ಗೀರಿದೆ. ಆಮೇಲೆ ದಾರಿಯನ್ನೂ ಅವರೇ ಹೇಳಿದರು. "ಸ್ವಿಫ್ಟ್ ಡೀಸೆಲ್ ಎಂಜಿನ್ ಕೂರಿಸಿಬಿಡ್ತೀನಿ ಸಾರ್. ಎರಡೂ ಒಂದೇ ತಾಯಿ ಮಕ್ಕಳು. ಒಂದು ವಾರ ಕೊಡಿ ಸಾಕು."

ಅವರ ಮಾತು ಸುಳ್ಳಲ್ಲ. ಟಾಟಾ ಕ್ವಾಡ್ರಾಜೆಟ್ ಎಂದು ಕರೆದದ್ದು, ಮಾರುತಿ ಡಿಡಿಐಎಸ್ ಎಂದು ಕರೆದದ್ದು, ಎರಡೂ ಮೂಲದಲ್ಲಿ ಇಟಲಿಯ ಫಿಯಟ್‌ನ 1.3 ಮಲ್ಟಿಜೆಟ್, 1,248 ಸಿಸಿ. ಪುಣೆ ಹತ್ತಿರದ ರಂಜನ್‌ಗಾಂವ್ ಕಾರ್ಖಾನೆಯಲ್ಲಿ ಟಾಟಾ, ಫಿಯಟ್ ಕಾರುಗಳಿಗೆ ತಯಾರಾಯಿತು. ಹರಿಯಾಣದ ಮಾನೇಸರ್‌ನಲ್ಲಿ ಮಾರುತಿಗಾಗಿ ತಯಾರಾಯಿತು. ಸ್ವಿಫ್ಟ್, ಡಿಜೈರ್, ರಿಟ್ಜ್, ಲೀನಿಯಾ, ಪುಂಟೊ, ಷೆವರ್ಲೆ ಸೇಲ್, ಕೊನೆಗೆ ಪ್ರೀಮಿಯರ್ ರಿಯೋ ತನಕ ಇದೇ ಎಂಜಿನ್ ಓಡಿತು. ಭಾರತದ ರಾಷ್ಟ್ರೀಯ ಎಂಜಿನ್ ಎಂಬ ಹೆಸರೂ ಬಂತು. 2020ರ ಏಪ್ರಿಲ್ 1ರಂದು ಬಿಎಸ್6 ನಿಯಮ ಬಂದಾಗ ಇಲ್ಲಿ ಅದರ ಕಾಲ ಮುಗಿಯಿತು.

ಒಬ್ಬರ ದೇಹಕ್ಕೆ ಇನ್ನೊಬ್ಬರ ಎಂಜಿನ್ ಇಡುವುದು ನಮಗೆ ಹೊಸದೂ ಅಲ್ಲ. ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್‌ಗೂ ಕಾಂಟೆಸಾಗೂ ಜಪಾನಿನ ಇಸುಜು ಎಂಜಿನ್ ತಂದಿತು. ಫಿಯಟ್ 124ರ ದೇಹದ ಪ್ರೀಮಿಯರ್ 118 ಎನ್‌ಇ ಓಡಿದ್ದು ನಿಸಾನ್ ಎಂಜಿನ್ನಿನ ಮೇಲೆ. ಮಾರುತಿ ಝೆನ್, ಎಸ್ಟೀಮ್ ಡೀಸೆಲ್‌ಗಳಲ್ಲಿದ್ದದ್ದು ಫ್ರಾನ್ಸಿನ ಪಿಜೋ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯ ಹಗುರ ಹೆಲಿಕಾಪ್ಟರ್‌ಗೂ ಫ್ರೆಂಚ್ ಕಂಪನಿಯ ಜೊತೆ ಕೂಡಿ ರೂಪಿಸಿದ ಶಕ್ತಿ ಎಂಜಿನ್ನೇ ಆಧಾರ. ಆದರೆ ಕಂಪನಿ ಹೀಗೆ ಮಾಡುವಾಗ ಹೊಗೆ, ಬ್ರೇಕ್, ತೂಕ ಎಲ್ಲದರ ಪರೀಕ್ಷೆ ಮುಗಿಸಿ ಸರ್ಕಾರದ ಒಪ್ಪಿಗೆಯ ಮೇಲೆ ಮಾರುತ್ತದೆ. ಗ್ಯಾರೇಜಿನ ಶೆಡ್ಡಿನಲ್ಲಿ ಆಗುವ ಕೆಲಸಕ್ಕೆ ಕೈಚಳಕ ಎಷ್ಟಿದ್ದರೂ ಆ ಕಾಗದ ಹುಟ್ಟುವುದಿಲ್ಲ.

ಮೊದಲು ಇನ್ಶೂರೆನ್ಸ್ ಪುಸ್ತಕ ತೆಗೆದೆ. ಸಮಗ್ರ ಪಾಲಿಸಿಯೇ ಇತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ಸವೆತ ಮತ್ತು ಯಾಂತ್ರಿಕ ವೈಫಲ್ಯಕ್ಕೆ ಹಣ ಇಲ್ಲ. ಅಪಘಾತ, ಬೆಂಕಿ, ಕಳವಿನಂಥವಕ್ಕೆ ಮಾತ್ರ. ಅಂದರೆ ಪೂರ್ತಿ ಹೊರೆ ನಮ್ಮದೇ.

ಗ್ಯಾರೇಜಿನ ಲೆಕ್ಕ ಹೀಗಿತ್ತು. ಬೆಂಗಳೂರಿನ ಗುಜರಿಯಿಂದ ಟರ್ಬೊ, ಇಂಜೆಕ್ಟರ್ ಸಮೇತ ಸ್ವಿಫ್ಟ್ ಎಂಜಿನ್ 75,000. ಇಳಿಸಿ ಕೂರಿಸುವ ಕೂಲಿ 22,000. ವೈರಿಂಗ್, ಇಸಿಎಂ, ಮೌಂಟಿಂಗ್ ಹೊಂದಿಸಲು 15,000. ಒಟ್ಟು 1,12,000. ನನ್ನದೇ ಬ್ಲಾಕ್ ಉಳಿಸಿಕೊಂಡು ಕ್ರ್ಯಾಂಕ್, ಬೇರಿಂಗ್, ರಿಂಗ್, ಚೈನ್, ಟರ್ಬೊ ಬದಲಿಸಿ ಎಂಜಿನ್ ಕೆಲಸ ಮಾಡಿಸಿದರೆ 97,500, ಆದರೆ ಮೂರು ವಾರ. ಏನೂ ಮಾಡದೆ ಇದ್ದ ಹಾಗೇ ಕೊಟ್ಟರೆ ಗುಜರಿಯವರು 35,000 ಕೊಡಲು ಸಿದ್ಧರಿದ್ದರು.

ಆ ರಾತ್ರಿ ನಾನೂ ಹೆಂಡತಿಯೂ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದ ಲೆಕ್ಕ ಇನ್ನೂ ನನ್ನ ಬಳಿ ಇದೆ. ಪ್ರಶ್ನೆ ಕೇಳಿದ್ದು ಅವಳು. "ರೀ, ಇಷ್ಟು ಹಾಕಿದ ಮೇಲೆ ಕಾರಿಗೆ ಬೆಲೆ ಎಷ್ಟು ಬರುತ್ತೆ?" ಎಷ್ಟು ಖರ್ಚಾಗುತ್ತದೆ ಎಂಬಲ್ಲೇ ನನ್ನ ತಲೆ ನಿಂತಿತ್ತು. ಬೆಳಿಗ್ಗೆ ಬಟವಾಡಿಯ ಕಾರ್ ಬ್ರೋಕರ್ ಒಬ್ಬರನ್ನು ಕೇಳಿದೆ. ಚೆನ್ನಾಗಿ ಓಡುವ 2011ರ ವಿಸ್ತಾಕ್ಕೆ ಒಂದೂವರೆ ಲಕ್ಷ ಎಂದರು. ಸ್ವಿಫ್ಟ್ ಎಂಜಿನ್ ಕೂತಿದ್ದರೆ? "ನಂಬರ್ ಮ್ಯಾಚ್ ಆಗ್ದಿದ್ರೆ ಅರವತ್ತರ ಮೇಲೆ ಯಾರೂ ಕೊಡಲ್ಲ ಸಾರ್. ಅದೂ ಬಿಡಿ ಭಾಗದ ರೇಟು."

ಎಂಜಿನ್ ನಂಬರ್ ಕೊರೆದಿರುವುದು ಬ್ಲಾಕಿನ ಮೇಲೆ. ಅದೇ ನಂಬರ್ ಆರ್‌ಸಿಯಲ್ಲಿದೆ, ಇನ್ಶೂರೆನ್ಸಿನಲ್ಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಒಪ್ಪಿತ ಕಿಟ್ ಮೂಲಕ ಪರಿವರ್ತನೆಗೆ ಅವಕಾಶವಿದೆ. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕಿಸುವುದಾದರೆ ಬಿಲ್ಲು ಸಮೇತ ಆರ್‌ಟಿಒ ಅನುಮತಿ ಕೇಳುವ ದಾರಿ ಇದೆ. ಬೇರೆ ತಯಾರಕರ ಎಂಜಿನ್ನಿಗೆ ಆ ದಾರಿ ಮುಚ್ಚಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದೇ ಸೆಕ್ಷನ್ನನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದಿತು.

ದಂಡಕ್ಕಿಂತ ನನ್ನನ್ನು ಹೆದರಿಸಿದ್ದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ಷಡ್ಡಕರ ಅನುಭವ. 4,10,000 ಕೊಟ್ಟು ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಜೀಪೊಂದನ್ನು ಕೊಂಡರು. ಎರಡು ವರ್ಷ ತೊಂದರೆಯಿಲ್ಲದೆ ಓಡಿತು. ಮಾರಲು ಹೋದಾಗ ಹಾಸನದ ಗಿರಾಕಿ ಬಾನೆಟ್ ಎತ್ತಿ ನಂಬರ್ ತಾಳೆ ನೋಡಿದ. ಹೊಂದಲಿಲ್ಲ. ಹಿಂದಿನ ಮಾಲೀಕರು ಎಂದೋ ಎಂಜಿನ್ ಬದಲಿಸಿದ್ದರು, ಆ ಎಂಜಿನ್ ಯಾವ ಗಾಡಿಯದೆಂದು ಹೇಳುವವರಿಲ್ಲ. ಕದ್ದ ಗಾಡಿಯದಾಗಿದ್ದರೆ? ಅಪಘಾತದ ಗಾಡಿಯದಾಗಿದ್ದರೆ? ಆರು ತಿಂಗಳು ಅಲೆದು ಕೊನೆಗೆ ಬಿಡಿ ಭಾಗ ಮಾರುವವರಿಗೆ 1,40,000ಕ್ಕೆ ಕೊಟ್ಟರು. ನೇರ ನಷ್ಟ 2,70,000. ಆ ಎರಡು ವರ್ಷದಲ್ಲಿ ಅಪಘಾತವೇನಾದರೂ ಆಗಿದ್ದರೆ ಸರ್ವೇಯರ್ ಮೊದಲು ನೋಡುತ್ತಿದ್ದದ್ದೂ ಅದೇ ಎಂಜಿನ್ ನಂಬರ್, ಚಾಸಿ ನಂಬರ್. ಹಳೆ ಗಾಡಿ ಕೊಳ್ಳುವವರಿಗೆ ಕೈ ಮುಗಿದು ಕೇಳುತ್ತೇನೆ: ಬಣ್ಣ, ಟೈರ್ ನೋಡುವ ಮೊದಲು ಟಾರ್ಚ್ ಹಿಡಿದು ಬ್ಲಾಕಿನ ನಂಬರ್ ಓದಿ, ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿ ತಾಳೆ ನೋಡಿ.

ನೋಟ್‌ಬುಕ್ಕಿನ ಲೆಕ್ಕಕ್ಕೆ ಬರುತ್ತೇನೆ. ಸ್ವಿಫ್ಟ್ ಎಂಜಿನ್ ದಾರಿಯಲ್ಲಿ 1,12,000 ಹಾಕಿದರೆ 60,000ದ ಕಾರು. ಶೆಡ್ಡಿನಿಂದ ಹೊರಬಂದ ದಿನವೇ 52,000 ಮುಳುಗಿತು. ಸ್ವಂತ ಬ್ಲಾಕ್ ದಾರಿಯಲ್ಲಿ 97,500 ಹಾಕಿದರೆ ಒಂದೂವರೆ ಲಕ್ಷದ ಕಾರು, 52,500 ಕೈಯಲ್ಲಿದ್ದ ಹಾಗೆ. ಗುಜರಿಗೆ ಕೊಟ್ಟರೆ 35,000. ಇಲ್ಲಿಗೆ ನಿಲ್ಲಿಸಿದರೆ ಎರಡನೆಯದೇ ಗೆಲ್ಲುತ್ತದೆ. ಆದರೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದೂ ಲೆಕ್ಕದೊಳಗೆ ಸೇರಬೇಕು. ಹೆಂಡತಿಯ ಒಂದು ಲಕ್ಷದ ಚೀಟಿಯನ್ನು ಮಧ್ಯದಲ್ಲೇ ಕೂಗಿ ಎತ್ತಬೇಕಾಯಿತು. ಕೈಗೆ ಬಂದದ್ದು 82,000. ಉಳಿದ 15,500 ಉಳಿತಾಯ ಖಾತೆಯಿಂದ. ಕೂಗಿನಲ್ಲಿ ಬಿಟ್ಟ 18,000 ಸೇರಿಸಿದರೆ ನಿಜವಾದ ಖರ್ಚು 1,15,500, ಉಳಿಯುವುದು 34,500. ಗುಜರಿಯವರು ಕೊಡುತ್ತೇನೆಂದ ಹಣಕ್ಕಿಂತ 500 ರೂಪಾಯಿ ಕಡಿಮೆ!

ಹಾಗಾದರೆ ಯಾಕೆ ಮಾಡಿಸಿದೆವು? ನಮಗೆ ಕಾರು ಬೇಕಿತ್ತು. ಅಮ್ಮನನ್ನು ತಿಂಗಳಿಗೆರಡು ಸಲ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಇದನ್ನು ಗುಜರಿಗೆ ಕೊಟ್ಟರೆ ಇನ್ನೊಂದು ಹಳೆ ಕಾರಿಗೆ ಆಗ ಕೇಳುತ್ತಿದ್ದದ್ದು 3,20,000. ಮೂರು ಲಕ್ಷದ ಹತ್ತಿರ ಸಾಲ, ಜೊತೆಗೆ ಅದರ ಎಂಜಿನ್ ಒಳಗೆ ಏನಿದೆಯೋ ಗೊತ್ತಿಲ್ಲ. ನಮ್ಮ ಕಾರಿನ ಒಳಗೆ ಏನೇನು ಹೋಗುತ್ತದೆಂದು ನಾನೇ ಎದುರು ನಿಂತು ನೋಡಬಹುದಿತ್ತು. ಆ ತಿಳಿವಳಿಕೆಗೆ 500 ರೂಪಾಯಿಗಿಂತ ಹೆಚ್ಚು ಬೆಲೆಯಿದೆ ಎಂದು ಇಬ್ಬರೂ ಒಪ್ಪಿದೆವು.

ಮೆಕ್ಯಾನಿಕ್‌ಗೆ ಇದನ್ನು ಹೇಳಿದಾಗ ಅವರು ಬೇಸರಪಡಲಿಲ್ಲ. ಒಂದೇ ತಾಯಿ ಮಕ್ಕಳು ಎಂಬ ಅವರ ಮಾತು ಇಲ್ಲಿ ನಮಗೆ ನೆರವಾಯಿತು. ಬಿಡಿ ಭಾಗಗಳಲ್ಲಿ ಹೊಂದುವುದನ್ನೆಲ್ಲ ಸ್ವಿಫ್ಟ್‌ನದೇ ತಂದರು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಅಳತೆ ನೋಡಿ, ಹೊಂದದ್ದನ್ನು ವಾಪಸ್ ಕಳಿಸಿದರು. ಟರ್ಬೊವನ್ನು ರಿಕಂಡಿಷನ್ ಮಾಡಿಸಿದೆವು, ಇಂಜೆಕ್ಟರ್‌ಗಳನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದೆವು. ಹೆಡ್ ಲೇತಿಗೆ ಹೋಗಿ ಬಂತು. ಹೇಳಿದ್ದು ಮೂರು ವಾರ, ಆದದ್ದು ಐದು. ಆ ದಿನಗಳಲ್ಲಿ ಅಮ್ಮನನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದ ಖರ್ಚನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಬೇಕಿತ್ತು.

ಆಮೇಲೆ ಕಾರು 46,000 ಕಿಲೋಮೀಟರ್ ಓಡಿದೆ. 1,15,500ನ್ನು ಅದರ ಮೇಲೆ ಹಂಚಿದರೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ದೇವರಾಯನದುರ್ಗದ ಏರನ್ನು ನಾಲ್ಕು ಜನರನ್ನು ಕೂರಿಸಿಕೊಂಡು ಹತ್ತುತ್ತದೆ. ಮನೆ ಮುಂದೆ ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ನನ್ನು ಹಾಗೇ ಬಿಟ್ಟು, ಟರ್ಬೊ ತಣಿದ ಮೇಲೆ ಆಫ್ ಮಾಡುತ್ತೇನೆ.

ಈ ಮಾರ್ಚ್‌ಗೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣ ಬಂತು. 2022ರ ಏಪ್ರಿಲ್‌ಗೆ ಮೊದಲು 600 ಇದ್ದ ಕಾರಿನ ನವೀಕರಣ ಶುಲ್ಕ ಈಗ 5,000. ಆರ್‌ಟಿಒ ಕಚೇರಿಯ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿದರು. ನಾನು ಒದ್ದೆ ಬಟ್ಟೆಯಲ್ಲಿ ಬ್ಲಾಕ್ ಒರೆಸಿ ನಂಬರ್ ತೋರಿಸಿದೆ. ಅವರು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು, ನಾನು ಆರ್‌ಸಿಯಲ್ಲಿ ಬೆರಳಿಟ್ಟು ಹಿಂಬಾಲಿಸಿದೆ. ಕೊನೆಯ ಅಂಕಿಯವರೆಗೂ ಹೊಂದಿತು. 2031ರವರೆಗೆ ಇನ್ನು ಐದು ವರ್ಷ.

ನವೀಕರಣದ ಶುಲ್ಕವೂ, ಅದೇ ವಾರ ಹಾಕಿಸಿದ ನಾಲ್ಕು ಟೈರುಗಳ ಹಣವೂ 2022ರ ಜನವರಿಯಿಂದ ಕಾರಿಗೆಂದೇ ತಿಂಗಳಿಗೆ 1,500ರಂತೆ ಕಟ್ಟುತ್ತಿದ್ದ ಆರ್‌ಡಿಯಿಂದ ಬಂತು. ಈ ಸಲ ಹೆಂಡತಿ ಈಗ ಕಟ್ಟುತ್ತಿರುವ ಚೀಟಿಗೆ ಕೈ ಹಾಕಬೇಕಾಗಲಿಲ್ಲ. ಅದು ಮಗಳ ಕಾಲೇಜು ಫೀಸಿಗೆ ಇದೆ, ಅಕ್ಟೋಬರ್‌ನಲ್ಲಿ ಕೊನೆಯ ಕಂತು.