ರಕ್ತ ಕ್ಯಾನ್ಸರಿಗೆ ಆಕರಕೋಶ ಕಸಿ: ಯಾರದ್ದು ಯಾರಿಗೆ ಹೊಂದುತ್ತದೆ?

“ಅಣ್ಣನದೂ ನನ್ನದೂ ಒಂದೇ ರಕ್ತದ ಗುಂಪು. ನಾನೇ ಕೊಡಬಹುದಲ್ಲ ಸಿಸ್ಟರ್?” ಎಂದು ಬಂಧುಗಳು ಕೇಳುವುದುಂಟು. ಕೊಡುವ ಮನಸ್ಸು ದೊಡ್ಡದು. ಆದರೆ ಆಕರಕೋಶ ಕಸಿಗೆ ರಕ್ತದ ಗುಂಪು ಒಂದೇ ಆಗಿರಲೇಬೇಕೆಂದಿಲ್ಲ. ಇಲ್ಲಿ ಮುಖ್ಯವಾದ ಗುರುತು ಬೇರೆಯೇ ಇದೆ.

ಕಸಿ ಎಂದರೇನು?

ಮೂಳೆಯೊಳಗಿನ ಮಜ್ಜೆ ರಕ್ತದ ಸಸಿಮಡಿ ಇದ್ದಂತೆ. ಅಲ್ಲಿರುವ ಆಕರಕೋಶಗಳಿಂದ ಎಲ್ಲ ರಕ್ತಕಣಗಳೂ ಹುಟ್ಟುತ್ತವೆ. ಲ್ಯುಕೇಮಿಯಾದಲ್ಲಿ ಈ ಮಡಿಯ ತುಂಬ ಕಳೆ ಬೆಳೆಯುತ್ತದೆ. ಬಲವಾದ ಔಷಧಿಯಿಂದ ಅದನ್ನು ತೆಗೆದು, ದಾನಿಯ ಕೋಶಗಳನ್ನು ರಕ್ತ ಏರಿಸುವಂತೆಯೇ ಏರಿಸುತ್ತಾರೆ. ಅವು ಮಜ್ಜೆಗೆ ಹೋಗಿ ಬೇರೂರುತ್ತವೆ. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಈ ಚಿಕಿತ್ಸೆ 1986ರಿಂದ ನಡೆಯುತ್ತಿದೆ.

ಎಲ್ಲ ಲ್ಯುಕೇಮಿಯಾಕ್ಕೂ ಕಸಿ ಬೇಕಿಲ್ಲ. ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಇರುವ ಬಹುತೇಕರು ಇಮ್ಯಾಟಿನಿಬ್‌ನಂತಹ ಮಾತ್ರೆಯಲ್ಲೇ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ.

ಎಚ್.ಎಲ್.ಎ. ಗುರುತು

ನಮ್ಮ 6ನೇ ವರ್ಣತಂತುವಿನಲ್ಲಿ ಎಚ್.ಎಲ್.ಎ. ಎಂಬ ವಂಶವಾಹಿಗಳ ಗುಂಪು ಇದೆ. “ಇದು ನನ್ನದು, ಇದು ಪರಕೀಯ” ಎಂದು ದೇಹ ತಿಳಿಯುವುದು ಇವುಗಳಿಂದ. ಇವು ಹೊಂದದಿದ್ದರೆ ಎರಡು ತೊಂದರೆ: ರೋಗಿಯ ದೇಹ ಕಸಿಯನ್ನು ತಿರಸ್ಕರಿಸಬಹುದು, ಅಥವಾ ದಾನಿಯ ಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿ ಬೀಳಬಹುದು.

ಪ್ರತಿ ಮಗುವೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಗುರುತು ಪಡೆಯುತ್ತದೆ. ಆದ್ದರಿಂದ:

- ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ಶೇ. 25. ಇಬ್ಬರಿದ್ದರೆ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು ಶೇ. 44, ಮೂವರಿದ್ದರೆ ಸುಮಾರು ಶೇ. 58.
- ತಂದೆ, ತಾಯಿ, ಮಕ್ಕಳು ಅರ್ಧವಂತೂ ಹೊಂದುತ್ತಾರೆ. ಕಸಿಯ ನಂತರ ಸೈಕ್ಲೋಫಾಸ್ಫಮೈಡ್ ಔಷಧಿ ಕೊಡುವ ಕ್ರಮ ಬಂದ ಮೇಲೆ ಅರ್ಧ ಹೊಂದಿಕೆಯ ಕಸಿಯೂ ಸಾಧ್ಯವಾಗಿದೆ.
- ಸೋದರಮಾವ, ಅತ್ತೆಯ ಮಗ ಹೀಗೆ ಸಂಬಂಧದಲ್ಲೇ ಮದುವೆಯಾದ ಮನೆತನಗಳಲ್ಲಿ ದೂರದ ಬಂಧುಗಳೂ ಹೊಂದುವ ಸಾಧ್ಯತೆ ಸ್ವಲ್ಪ ಹೆಚ್ಚು. ಇದನ್ನು ವೈದ್ಯರಿಗೆ ತಿಳಿಸಿ.

ಹೊರಗಿನ ದಾನಿಗಳನ್ನು ಚೆನ್ನೈನ ದಾತ್ರಿ, ಬೆಂಗಳೂರಿನ ಡಿ.ಕೆ.ಎಂ.ಎಸ್. ಮುಂತಾದ ನೋಂದಣಿ ಸಂಸ್ಥೆಗಳಲ್ಲಿ ಹುಡುಕುತ್ತಾರೆ. ಭಾರತೀಯರಿಗೆ ಭಾರತೀಯರೇ ಹೊಂದುವುದು ಹೆಚ್ಚು.

ರೋಗದ ಕೋಶದ ವಂಶವಾಹಿ

ಕ್ಯಾನ್ಸರ್ ಕೋಶದಲ್ಲಿ ಆಗಿರುವ ಬದಲಾವಣೆಯೂ ಫಲಿತಾಂಶವನ್ನು ತೂಗುತ್ತದೆ. ಟಿ.ಪಿ. 53 ವಂಶವಾಹಿ ಕೆಟ್ಟಿದ್ದರೆ ಕಸಿಯ ನಂತರವೂ ರೋಗ ಮರುಕಳಿಸುವ ಭಯ ಹೆಚ್ಚು. ಎಫ್.ಎಲ್.ಟಿ. 3 ಬದಲಾವಣೆ ಇದ್ದರೆ ಕಸಿಯ ಜೊತೆಗೆ ಬೇರೆ ಮಾತ್ರೆಯೂ ಬೇಕಾಗಬಹುದು.

ಒಂದು ಮಾತು ನೆನಪಿಡಿ. ಈ ಬದಲಾವಣೆಗಳು ಬಹುತೇಕ ಹುಟ್ಟಿದ ಮೇಲೆ ಮಜ್ಜೆಯ ಕೋಶದಲ್ಲಿ ಆದವು. “ಸೊಸೆಯ ಕಡೆಯಿಂದ ಬಂತು” ಎಂದು ತಾಯಿಯನ್ನು ದೂರುವುದು ತಪ್ಪು, ಅನ್ಯಾಯವೂ ಹೌದು. ಹಾಗೆಯೇ, ಅಣ್ಣ ತಮ್ಮಂದಿರ ಗುರುತು ಹೊಂದದಿದ್ದರೆ ಅದು ಯಾರ ತಪ್ಪೂ ಅಲ್ಲ, ನಾಲ್ವರಲ್ಲಿ ಒಬ್ಬರು ಸ್ವಲ್ಪವೂ ಹೊಂದದಿರುವುದು ಸಹಜ.

ಪೂರ್ತಿ ಒಂದೇ ಆದರೆ ಇನ್ನೂ ಒಳ್ಳೆಯದೇ?

ಇಲ್ಲೊಂದು ವಿಚಿತ್ರವಿದೆ. ತದ್ರೂಪಿ ಅವಳಿಯ ಕೋಶ ರೋಗಿಯ ಮೇಲೆ ತಿರುಗಿ ಬೀಳುವುದು ಅಪರೂಪ, ಆದರೆ ರೋಗ ಮರುಕಳಿಸುವುದು ಹೆಚ್ಚು. ದಾನಿಯ ಬಿಳಿ ಕಣಗಳಿಗೆ ಸ್ವಲ್ಪ “ಪರಕೀಯ” ದೃಷ್ಟಿ ಇದ್ದಾಗಲೇ ಅಡಗಿದ ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲುತ್ತವೆ.

ಬಂಧುಗಳು ಮಾಡಬೇಕಾದದ್ದು

1. ಕಸಿಯ ಮಾತು ಬಂದ ಕೂಡಲೇ ಒಡಹುಟ್ಟಿದವರೆಲ್ಲರ ಎಚ್.ಎಲ್.ಎ. ಪರೀಕ್ಷೆಯ ಬಗ್ಗೆ ಕೇಳಿ. ಸ್ವಲ್ಪ ರಕ್ತ ಅಥವಾ ಕೆನ್ನೆಯ ಒಳಗಿನ ಒರೆಸು ಸಾಕು.
2. ದಾನಿಯಾಗಬಹುದಾದ ಬಂಧುಗಳು ಕಸಿಗೆ ಮೊದಲು ರೋಗಿಗೆ ತಮ್ಮ ರಕ್ತ ಕೊಡಬಾರದು. ಅದರಿಂದ ಕಸಿ ತಿರಸ್ಕಾರವಾಗುವ ಸಂಭವ ಹೆಚ್ಚುತ್ತದೆ. ರಕ್ತನಿಧಿಗೆ ಬೇರೆಯವರಿಂದ ಕೊಡಿಸಿ.
3. ದಾನಿಗೆ ಮಜ್ಜೆ ಮತ್ತೆ ಬೆಳೆಯುತ್ತದೆ, ಬಲ ಕುಂದುವುದಿಲ್ಲ. ಆದರೂ ಯಾರನ್ನೂ ಒತ್ತಾಯಿಸಬೇಡಿ. ಮದುವೆಯಾದ ಅಕ್ಕ ತಂಗಿಯರ ನಿರ್ಧಾರ ಅವರದ್ದೇ.
4. ಖರ್ಚಿನ ಬಗ್ಗೆ, ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲೇ ಆರೋಗ್ಯಮಿತ್ರರನ್ನು ವಿಚಾರಿಸಿ. ಪಡಿತರ ಚೀಟಿ, ಆಧಾರ್, ಹಳೆಯ ಎಲ್ಲ ವರದಿಗಳನ್ನು ಒಂದೇ ಚೀಲದಲ್ಲಿಡಿ.

ತಿಳಿಯದ್ದನ್ನು ಸಂಕೋಚವಿಲ್ಲದೆ ಕೇಳಿ. ಕೇಳಿ ತಿಳಿದವರಿಗೆ ಧೈರ್ಯ ತಾನಾಗಿ ಬರುತ್ತದೆ.